ತುಳಿಯದ ಮಂಜುಗಡ್ಡೆಯ ಮಾತು

ಶಿಷ್ಯ ಸೋಮಲಿಂಗ ಕೇಳಿದ: "ಗುರುಗಳೇ, ಬೇರೆಯವರ ಕಷ್ಟ ಏನೆಂದು ತಿಳಿಯುವುದು ಅಷ್ಟೇನು ದೊಡ್ಡ ಕೆಲಸ? ಹೋಗಬೇಕು, ಕೇಳಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು. ಇದಕ್ಕೆ ಅಡ್ಡಿಯಾದರೂ ಏನು?"

ಗುರು ನಕ್ಕರು. "ಎಷ್ಟು ಸಲೀಸಾಗಿ ಹೇಳಿಬಿಟ್ಟೆಯಪ್ಪ! ಕೂತುಕೋ" ಎಂದು ಈ ಕತೆ ಹೇಳಿದರು.

ಬಡಗಣ ತುದಿಯಲ್ಲಿ, ಕಡಲೇ ಹೆಪ್ಪುಗಟ್ಟುವ ಸೀಮೆಯಲ್ಲಿ, ನಲವತ್ತು ಮನೆಗಳ ಒಂದು ಊರಿತ್ತು. ಚಳಿಗಾಲ ಬಂತೆಂದರೆ ದಡದ ಮುಂದೆ ಮಂಜುಗಡ್ಡೆ ಗೋಡೆಯ ಹಾಗೆ ನಿಂತು ಅಲೆಗಳನ್ನು ತಡೆಯುತ್ತಿತ್ತು. ಅದರ ಮೇಲೆಯೇ ಜನ ಸೀಲ್ ಎಂಬ ಕಡಲ ಪ್ರಾಣಿಯ ಬೇಟೆಗೆ ನಡೆಯುತ್ತಿದ್ದರು. ಆಮೇಲೆ ತೆಂಕಣ ನಗರಗಳಲ್ಲಿ ಕುಲುಮೆಗಳು ಹೆಚ್ಚಿದವು, ಲೋಕದ ಗಾಳಿಯೇ ಕಾವೇರಿತು. ಮಂಜುಗಡ್ಡೆ ತಡವಾಗಿ ಕಟ್ಟಿತು, ಬೇಗ ಒಡೆಯಿತು. ಬಿರುಗಾಳಿ ಎದ್ದಾಗ ಅಲೆ ನೇರ ಊರಿಗೆ ನುಗ್ಗಿ ಎರಡು ಮನೆ ನುಂಗಿತು. ಮೇಲಿನ ದಿನ್ನೆಯಲ್ಲಿ ನಮಗೆ ಜಾಗ ಕೊಡಿ ಎಂದು ಜನ ಆಸ್ಥಾನಕ್ಕೆ ಮೊರೆಯಿಟ್ಟರು. ಮಂಜುಗಡ್ಡೆ ಕೆಟ್ಟಿದೆ ಎಂಬುದಕ್ಕೆ ಆಧಾರ ಬೇಕು ಎಂದಿತು ಆಸ್ಥಾನ. ಕುಲುಮೆಗಳಲ್ಲಿ ಅರ್ಧ ಆಸ್ಥಾನದವೇ, ಅವಸರ ಯಾಕಿದ್ದೀತು!

ವಿಚಾರಣೆಗೆ ಒಬ್ಬ ಪಂಡಿತನನ್ನು ಕಳಿಸಿದರು. ಒಳ್ಳೆಯವನು, ಪಾಪ. ಹಡಗು ಹೋಗುವುದು ಬೇಸಿಗೆಯಲ್ಲಿ ಮಾತ್ರ. ಮಂಜುಗಡ್ಡೆ ನೋಡಲು ಹೋದವನು ಇಳಿದದ್ದು ಬರೀ ನೀರಿನ ದಡದಲ್ಲಿ. ಗಟ್ಟಿ ಆಳುಗಳೆಲ್ಲ ದೋಣಿ ಹತ್ತಿ ಬೇಟೆಗೆ ಹೋಗಿದ್ದರು. ಉಳಿದವರನ್ನು ಕೂರಿಸಿಕೊಂಡು ಕೇಳಿದ: ಮುಂದಿನ ಚಳಿಗಾಲ ಮಂಜುಗಡ್ಡೆ ಹೇಗಿರುತ್ತದೆ? ನಿಮ್ಮ ತಾತನ ಕಾಲದಲ್ಲಿ ಹೇಗಿತ್ತು? ಎಲ್ಲರದೂ ಒಂದೇ ಉತ್ತರ, ಗೊತ್ತಿಲ್ಲ.

ಅಲ್ಲಿನ ಕಟ್ಟಳೆ ಹಾಗಿತ್ತು. ತಾನು ತುಳಿಯದ ಮಂಜುಗಡ್ಡೆಯ ಬಗ್ಗೆ ಬಾಯಿ ಬಿಡಬಾರದು. ಯಾರೋ ಗಟ್ಟಿಯಿದೆ ಅಂದದ್ದನ್ನು ನಂಬಿ ಕಾಲಿಟ್ಟವನು ಮುಳುಗಿದರೆ ಆ ಪಾಪ ಹೇಳಿದವನದು. ಪಂಡಿತನಿಗೆ ಇದನ್ನು ಯಾರು ತಿಳಿಸಬೇಕು? ಅವನು ಗೊತ್ತಿಲ್ಲ ಎಂದೇ ಬರೆದು ತಂದ. ಅಲ್ಲಿನವರಿಗೇ ಗೊತ್ತಿಲ್ಲದ ಕಷ್ಟ ನಮಗೇಕೆ ಎಂದು ಆಸ್ಥಾನ ಆ ಕಡತ ಕಟ್ಟಿಟ್ಟಿತು. ಆ ಚಳಿಗಾಲ ಇನ್ನೂ ಐದು ಮನೆ ಹೋದವು.

ಆ ಸುದ್ದಿ ಪಂಡಿತನಿಗೂ ಮುಟ್ಟಿತು. ಚಳಿಗಾಲದಲ್ಲೇ ಹೋಗುತ್ತೇನೆ ಎಂದು ಅಪ್ಪಣೆಗಾಗಿ ಮೂರು ವರ್ಷ ಅಧಿಕಾರಿಗಳ ಬಾಗಿಲು ಕಾದ. ಹಡಗಿಲ್ಲ ಎಂದರು ಒಬ್ಬರು. ನಿನ್ನ ಜೀವಕ್ಕೆ ಯಾರು ಹೊಣೆ ಎಂದರು ಇನ್ನೊಬ್ಬರು. ಕೊನೆಗೆ ಊರಿನಲ್ಲಿ ಮೂರೇ ದಿನ ಇರಲು ಅಪ್ಪಣೆ ಸಿಕ್ಕಿತು. ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಅವನು ಹೋಗಿ ಮುಟ್ಟುವಾಗ ಹನ್ನೊಂದು ಮನೆ ಉಳಿದಿದ್ದವು.

ಅಲ್ಲಿ ಮಂಜುಗಡ್ಡೆಯನ್ನು ಚೆನ್ನಾಗಿ ಬಲ್ಲವಳು ಒಬ್ಬ ಮುದುಕಿ. ಕೂತು ಹೇಳುವುದು ಅವಳಿಗೆ ಬರದು, ನನ್ನ ಹಿಂದೆ ನಡೆ ಎಂದಳು. ಕಬ್ಬಿಣದ ಮೊನೆಯ ಕೋಲಿನಿಂದ ಕುಟ್ಟುತ್ತಾ, ಕಾಲಿಟ್ಟ ಮೇಲೆ ಒಂದೊಂದೇ ಮಾತು ಹೇಳಿದಳು. ಇಲ್ಲಿ ಮೊದಲು ಕೋಲು ನಾಟುತ್ತಿರಲಿಲ್ಲ. ಇಲ್ಲಿ ನನ್ನ ಗಂಡ ಬಂಡಿ ಓಡಿಸುತ್ತಿದ್ದ, ಈಗ ನಾಯಿಯೂ ಹೆದರುತ್ತದೆ. ಎರಡು ದಿನದಲ್ಲಿ ಪಂಡಿತನ ಹಾಳೆಗಳು ತುಂಬಿದವು. ಅವನಿಗೆ ಖುಷಿಯೋ ಖುಷಿ. ಅಬ್ಬಾ, ಊರು ಉಳಿಯಿತು ಎಂದುಕೊಂಡ.

ಮೂರನೆಯ ದಿನ ಹೊರಡುವ ಹೊತ್ತು. ಅಲೆಗಳು ಒಳನುಗ್ಗುವ ಕೊಲ್ಲಿಯ ಬಾಯಿಯತ್ತ ಕೈ ತೋರಿಸಿ ಕೇಳಿದ: "ಅಜ್ಜಿ, ಅಲ್ಲಿ ಹೇಗಿದೆ? ಅದೊಂದು ಆದರೆ ನನ್ನ ಕೆಲಸ ಮುಗಿಯಿತು."

ಆ ವರ್ಷ ಅವಳು ಅಲ್ಲಿಗೆ ಕಾಲಿಟ್ಟಿರಲಿಲ್ಲ. "ಇರು ಮಗಾ, ನೋಡಿ ಹೇಳುತ್ತೇನೆ" ಎಂದು ಹೊರಟಳು.

ಪಂಡಿತ ಹಾಳೆ ತೆಗೆದು, ಮರಗಟ್ಟಿದ ಬೆರಳಿಗೆ ಉಸಿರು ಊದಿಕೊಂಡ. ತಲೆ ಎತ್ತಿದಾಗ ಮಂಜುಗಡ್ಡೆಯ ಮೇಲೆ ಕೋಲು ಮಾತ್ರ ಬಿದ್ದಿತ್ತು. ಪಕ್ಕದಲ್ಲಿ ಕಪ್ಪು ನೀರು. ಕೂಗುತ್ತಾ ಓಡಿದವನನ್ನು ಊರವರು ಹಿಡಿದು ನಿಲ್ಲಿಸಿದರು. ಕೇಳಬಾರದ್ದನ್ನು ಕೇಳಿ ಮುದುಕಿಯನ್ನು ಕೊಂದೆನಲ್ಲಾ ಎಂದು ಎದೆ ಬಡಿದುಕೊಂಡು ಅತ್ತ. ಅವರು ಬೈಯಲಿಲ್ಲ. ಅವನ ಹಾಳೆಗಳನ್ನು ಚೀಲಕ್ಕೆ ತುಂಬಿ ಕೊಟ್ಟು, ಬೇಗ ತಲುಪಿಸು ಎಂದಷ್ಟೇ ಹೇಳಿದರು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಸೋಮಲಿಂಗ ಕೇಳಿದ: "ಆಸ್ಥಾನ ಅದನ್ನು ಓದಿತೇ, ಗುರುಗಳೇ? ಆ ಹನ್ನೊಂದು ಮನೆಗಳಿಗೆ ದಿನ್ನೆಯ ಜಾಗ ಸಿಕ್ಕಿತೇ?"

"ಓದಿ ಮೆಚ್ಚಿಕೊಂಡಿತಪ್ಪ, ಹೇಳಿದವಳು ಖುದ್ದಾಗಿ ಬಂದು ಹೌದು ಎಂದರೆ ಆ ದಿನವೇ ಜಾಗ ಕೊಡುತ್ತೇವೆ ಎಂದು ಇನ್ನೂ ಕಾಯುತ್ತಿದೆ."