ಹಿಮದ ಗುಡ್ಡದಲ್ಲಿ ಬೀರಂಗೆ ಸೆಖೆ ಆಯ್ತಂತೆ

ಒಂದಾನೊಂದು ಕಾಲದಲ್ಲಿ, ಅಂದ್ರೆ ಕುರಿಗಳಿಗೆ ಇನ್ನೂ ಮಾತು ಬರ್ತಿದ್ದ ಕಾಲದಲ್ಲಿ ಅಂತ ಇಟ್ಕೊ ಕಂದ, ಬಯಲುಸೀಮೇಲಿ ಕಂಬಳಿ ನೇಯೋರ ಮನೇಲಿ ಮೂರು ಜನ ಅಣ್ಣತಮ್ಮಂದಿರು ಇದ್ರಂತೆ. ದೊಡ್ಡವನು ಕಾಟಣ್ಣ, ನಡುವಿನವನು ಮೈಲಾರಿ, ಚಿಕ್ಕವನು ಬೀರ. ಅವರಿಗೆ ಕೆಂಚಮ್ಮ ಅಂತ ಒಬ್ಬಳು ಅಕ್ಕ, ಅವಳನ್ನ ಬಡಗಲ ಹಿಮದ ಗುಡ್ಡದಾಚೆ ಮದುವೆ ಮಾಡಿ ಕೊಟ್ಟಿದ್ರಂತೆ. ಅಷ್ಟು ದೂರ ಯಾಕೆ ಕೊಟ್ರು ಅಂತ ಕೇಳ್ಬೇಡ, ಹತ್ರ ಕೊಟ್ಟಿದ್ರೆ ನಾನು ಕತೆ ಹೇಳೋದು ಏನನ್ನ? ಅವಳಿಗೆ ಗಂಡು ಕೂಸಾಯ್ತು ಅಂತ ಸುದ್ದಿ ಬಂತಂತೆ, ಆಮೇಲೆ ಮೂವರೂ ಕೊಬ್ಬರಿ, ಬೆಲ್ಲ, ಅಂಟಿನುಂಡೆ ಗಂಟು ಕಟ್ಕೊಂಡು, ತಲೆ ಮೇಲೆ ಕಂಬಳಿಕೊಪ್ಪೆ ಹಾಕ್ಕೊಂಡು ಹೊರಟ್ರಂತೆ.

ಆ ಗುಡ್ಡದಲ್ಲಿ ಚಳಿಮಾರಿ ಅಂತ ಒಬ್ಬಳು ಕೂತಿರ್ತಾಳಂತೆ. ಕಣ್ಣಿಗೆ ಕಾಣಲ್ಲ. ಯಾರ ಮೈ ಎಲ್ಲಿ ಬರಿದಾಗಿದೆ, ಎಲ್ಲಿ ಒದ್ದೆಯಾಗಿದೆ ಅಂತ ಹುಡುಕ್ತಾ ಇರ್ತಾಳಂತೆ. ಮೊದಲನೇ ತಿರುವಲ್ಲಿ ಕಾಟಣ್ಣ ಮೀಸೆ ಕಾಣ್ಲಿ ಅಂತ ಕೊಪ್ಪೆ ಹಿಂದಕ್ಕೆ ತಳ್ಳಿದ್ನಂತೆ, ಹಿಡ್ಕೊಂಡ್ಲು ನೋಡು ಅವನ ಕಿವೀನ. ಕಿವಿ ಸುಣ್ಣದ ಹಾಗೆ ಬೆಳ್ಳಗಾಯ್ತು, ಅವನಿಗೆ ಗೊತ್ತೇ ಆಗ್ಲಿಲ್ವಂತೆ. ಬೀರ ನೋಡಿ, ಅಣ್ಣಾ ತಡಿ ಅಂತ ತನ್ನ ಬೆಚ್ಚಗಿನ ಅಂಗೈಯಿಂದ ಕಿವಿ ಮುಚ್ಚಿ ನಿಂತ್ಕೊಂಡ್ನಂತೆ. ಉಜ್ಜಲಿಲ್ಲ, ಸುಮ್ಮನೆ ಮುಚ್ಚಿದ. ಕಿವಿ ಕೆಂಪಾಯ್ತು.

ಎರಡನೇ ತಿರುವಲ್ಲಿ ಮೈಲಾರಿ, ಅಳಿಯನ ಮುಖ ಮೊದಲು ನಾನೇ ನೋಡ್ಬೇಕು ಅಂತ ಓಡೋಡಿ ಬೆವತ್ನಂತೆ, ನಿಂತ ತಕ್ಷಣ ಬೆವರೆಲ್ಲ ತಣ್ಣಗಾಗಿ ಹಲ್ಲು ಕಟಕಟ ಅನ್ನೋಕೆ ಶುರುವಾಯ್ತಂತೆ. ಅಣ್ಣ ಬೈದು, ಒಣಗಿದ ಅಂಗಿ ಹಾಕ್ಸಿ, ಬಾಯಿಗೆ ಬೆಲ್ಲ ಕೊಬ್ಬರಿ ತುರುಕಿದ್ನಂತೆ. ಅಲ್ಲೂ ಬಚಾವಾದ್ರು.

ಮೂರನೇ ತಿರುವಲ್ಲಿ ಒಂದು ಹಳ್ಳ. ಬೀರನ ಕಾಲು ನೀರಿಗೆ ಬಿತ್ತಂತೆ. ಹೇಳಿದ್ರೆ ಅಣ್ಣಂದಿರು ಆಡ್ಕೋತಾರೆ ಅಂತ ಹೇಳ್ಲೇ ಇಲ್ಲ, ಮುಂಡೇದು. ನಡುಗ್ತಾ ನಡುಗ್ತಾ ನಡೆದ, ಆಮೇಲೆ ನಡುಕ ನಿಂತೋಯ್ತು, ಆಮೇಲೆ ಮಾತು ತೊದಲ್ತು, ಆಮೇಲೆ ಅಣ್ಣಾ ಸೆಖೆ ಕಣೋ ಅಂತ ಕಂಬಳೀನೇ ಕಿತ್ತು ಎಸೆದ್ನಂತೆ! ಬಯಲುಸೀಮೆಯೋರಿಗೆ ಸೆಖೆ ಅಂದ್ರೆ ಸೆಖೇನೇ ತಾನೆ? ಸದ್ಯ, ಇವನಿಗೆ ಮೈ ಬಿಸಿಯಾಯ್ತು ಅಂತ ಖುಷಿಯಾಗಿ ಇಬ್ಬರೂ ಆ ಕಂಬಳಿ ಮಡಚಿ ಹೆಗಲಿಗೆ ಹಾಕ್ಕೊಂಡ್ರಂತೆ. ಎಂಥಾ ದಡ್ಡರು! ಇನ್ನೊಂದು ಚೂರು ದೂರ ಹೋಗೋದ್ರಲ್ಲಿ ಬೀರ ದಬಕ್ ಅಂತ ಬಿದ್ದ.

ಅಳ್ತಾ ಹೊತ್ಕೊಂಡು ಅಕ್ಕನ ಮನೆ ಬಾಗಿಲಿಗೆ ಬಂದ್ರಂತೆ. ಕೂಸನ್ನ ಎತ್ಕೊಂಡಿದ್ದ ಕೆಂಚಮ್ಮ ತಮ್ಮನ ಮುಖ ನೋಡಿ ಅಯ್ಯೋ ಅಂತ ಚೀರಿದ್ಲಂತೆ. ಅವಳ ಅತ್ತೆ ಮಾತ್ರ, ಇವನು ಕೊನೇಲಿ ಏನಂದ ಹೇಳ್ರೋ ಅಂದ್ಲಂತೆ. ಸೆಖೆ ಅಂದ ಅಂದ್ರಂತೆ ಅಣ್ಣಂದಿರು. ಅಯ್ಯೋ, ಈ ಗುಡ್ಡದಲ್ಲಿ ಸೆಖೆ ಅನ್ನೋದು ಜೀವ ಹೋಗೋ ಮುಂಚಿನ ಮಾತು ಕಣ್ರೋ ಅಂತ ಹಣೆ ಚಚ್ಕೊಂಡ್ಲಂತೆ.

ಕಾಟಣ್ಣ ಗಾಬರಿಯಾಗಿ, ನಮ್ಮ ಕಡೆ ಬಾಣಂತೀರಿಗೆ ಮಾಡ್ತೀವಲ್ಲ, ಹಾಗೇ ಮಾಡೋಣ, ಕುದಿಯೋ ನೀರು ಹುಯ್ಯೋಣ, ಮಂಚದ ಕೆಳಗೆ ಕೆಂಡ ಇಡೋಣ ಅಂದ್ನಂತೆ. ಮೈಲಾರಿ ಗಂಟಿಂದ ಹೆಂಡದ ಬುರುಡೆ ತೆಗೆದ. ಅತ್ತೆ ಎರಡನ್ನೂ ಆಚೆ ತಳ್ಳಿ, ಇವನು ಬಾಣಂತಿ ಅಲ್ಲಪ್ಪ, ಕೂಸು, ಈಗ ಹುಟ್ಟಿದ ಕೂಸು, ಕೂಸನ್ನ ನೋಡ್ಕೊಂಡ ಹಾಗೆ ನೋಡ್ಕೊಳ್ಳಿ ಅಂದ್ಲಂತೆ.

ಆಮೇಲೆ ಮೆತ್ತಗೆ ಮಲಗ್ಸಿ, ಒದ್ದೆ ಬಟ್ಟೆ ಬಿಚ್ಚಿ, ಒಣಗಿದ ಕಂಬಳಿ ಸುತ್ತಿ, ಅಣ್ಣಂದಿರಿಬ್ಬರೂ ಅಂಗಿ ತೆಗೆದು ಆ ಕಡೆ ಒಬ್ಬ ಈ ಕಡೆ ಒಬ್ಬ ಅದೇ ಕಂಬಳಿಯೊಳಗೆ ಎದೆಗೆ ಅವಚ್ಕೊಂಡು ಮಲಗಿದ್ರಂತೆ. ನಡುಗ್ಲಿ ಅಂತ ಕಾಯ್ರಿ, ನಡುಗಿದ್ರೆ ಬದುಕಿದ ಅಂದ್ಲಂತೆ ಅತ್ತೆ. ಕಾದ್ರು. ಕೆಂಚಮ್ಮ ಅವನ ಕೆನ್ನೆ ಮೇಲೆ ಕೈಯಿಟ್ಟು, ಬಾರೋ ನನ್ನಪ್ಪ, ನಿನ್ನಳಿಯನ ಮುಖಾನೂ ನೋಡ್ದೆ ಹೋಗ್ಬೇಡ್ವೋ ಅಂತ ಒಂದೇ ಸಮ ಹೇಳ್ತಿದ್ಲಂತೆ.

ಎಷ್ಟೋ ಹೊತ್ತಾದ ಮೇಲೆ ಬೀರನ ಗಲ್ಲ ಅದುರ್ತಂತೆ. ಆಮೇಲೆ ಭುಜ. ಆಮೇಲೆ ಮೈಯೆಲ್ಲ ಗಡಗಡ ಅಂತ, ಎರಡೂ ಕಡೆ ಮಲಗಿದ್ದ ಅಣ್ಣಂದಿರೂ ಅಲ್ಲಾಡಿ ಹೋಗೋ ಹಾಗೆ ನಡುಗಿದ್ನಂತೆ. ಕಣ್ಣು ಬಿಟ್ಟು ಮಾತು ಸರಿಯಾದ ಮೇಲೆ ಬೆಲ್ಲದ ಬಿಸಿ ಗಂಜಿ ಗುಟುಕು ಗುಟುಕಾಗಿ ಕುಡಿಸಿದ್ರಂತೆ. ಕಾಲನ್ನ ಕೊನೆಗೆ, ಕೂಸಿಗೆ ನೀರು ಹಾಕೋವಾಗ ನೋಡ್ತಾರಲ್ಲ, ಹಾಗೆ ಮೊಣಕೈ ಅದ್ದಿ ಹದ ನೋಡಿದ ನೀರಲ್ಲಿ ಇಟ್ರಂತೆ. ಕಾಲಿಗೆ ಜೀವ ಬರೋವಾಗ ಉರಿ ತಡೀಲಾರದೆ ಬೀರ ಬೊಬ್ಬೆ ಹಾಕಿದ್ನಂತೆ, ಕಿರುಬೆರಳ ತುದಿ ಒಂದು ಹೋಯ್ತು, ಉಳಿದದ್ದೆಲ್ಲ ಉಳೀತಂತೆ. ಹೆಪ್ಪುಗಟ್ಟಿ ಕರಗಿದ ಕಾಲನ್ನ ಮತ್ತೆ ಚಳಿಗೆ ಕೊಡಬಾರದು ಅಂತ ಅತ್ತೆ ಅವನನ್ನ ಬೇಸಿಗೆವರೆಗೂ ಹೊಸಲು ದಾಟಿಸಲಿಲ್ಲ. ತೊಟ್ಟಿಲ ಪಕ್ಕದಲ್ಲೇ ಹಾಸಿಗೆ, ಅಳಿಯನಿಗೂ ಮಾವನಿಗೂ ಒಟ್ಟೊಟ್ಟಿಗೆ ಉಪಚಾರ.

ಅವತ್ತು ಕಣ್ಣು ಬಿಟ್ಟು ಮೊದಲು ಮಾತು ಬಂದಾಗ ಬೀರ ಏನಂದ ಗೊತ್ತಾ? ಅಕ್ಕಾ, ಚಳಿ ಆಗ್ತಿದೆ ಕಣೇ ಅಂದ್ನಂತೆ. ಅಷ್ಟೇ. ಕೆಂಚಮ್ಮ ಬೀದಿಗೆ ಓಡಿಹೋಗಿ, ನನ್ನ ತಮ್ಮಂಗೆ ಚಳಿಯಂತೆ, ಕೇಳ್ರಪ್ಪೋ, ಚಳಿಯಂತೆ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿ, ಅಲ್ಲೇ ನಿಂತು ಗಳಗಳ ಅತ್ತಳಂತೆ. ಕತೆ ಇಲ್ಲಿಗೆ ಮಲಗ್ತು, ನೀನೂ ಮಲಗು ನನ್ನ ಬಂಗಾರ.