ಹಿರಿವನದ ನಾದಗೌರಿಯೂ ಮಡಿಲೊಡ್ಡಿದ ರಾಣಿಯೂ

ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ಎಳೆದು, ಎಲ್ಲರೂ ಬಲಗೈಯಲ್ಲಿ ಅಕ್ಷತೆ ಹಿಡಿದು, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹಿರಿವನದ ನಾದಗೌರಿಯ ಕಥೆಯನ್ನು ಕೇಳುವಂಥವರಾಗಿ. ಇದು ಬೇರೆ ವ್ರತಗಳ ಕಥೆಯ ಹಾಗೆ ಹೆಮ್ಮೆಯಿಂದ ಹೇಳುವಂಥದ್ದಲ್ಲ, ನಾಚಿಕೆಯಿಂದ ಹೇಳುವಂಥದ್ದು. ಆದಕಾರಣ ಹೇಳುವವರೂ ಕೇಳುವವರೂ ಸ್ವಲ್ಪ ತಲೆ ತಗ್ಗಿಸಿಯೇ ಕೂರಬೇಕೆಂದು ಹಿರಿಯರ ಕಟ್ಟಳೆ. ನೈವೇದ್ಯದ ಪಾಯಸದ ಕಡೆಗೆ ಈಗಲೇ ಕಣ್ಣು ಹಾಕಿರುವವರು ಕಥೆ ಮುಗಿಯುವತನಕ ತಡೆದುಕೊಳ್ಳತಕ್ಕದ್ದು.

ಪೂರ್ವದಲ್ಲಿ ಹಂಸಾವತಿ ಎಂಬ ಪಟ್ಟಣವಿತ್ತು. ಅದನ್ನು ವೀರಶೇಖರನೆಂಬ ರಾಜನು ಆಳುತ್ತಿರಲಾಗಿ, ಅವನಿಗೆ ರತ್ನಾಂಬಿಕೆ ಎಂಬ ಪಟ್ಟದ ರಾಣಿಯೂ, ಸುಘೋಷೆ ಎಂಬ ಒಬ್ಬಳೇ ಮಗಳೂ ಇದ್ದರು. ಪಟ್ಟಣದ ಮೂಡಣಕ್ಕೆ ಹಿರಿವನವೆಂಬ ಕಾಡು. ಅದರ ತುಂಬ ಹಲಸಿನ ಮರಗಳು. ಇಂದು ನಿನ್ನೆ ಹುಟ್ಟಿದ ಮರಗಳಲ್ಲ. ಮನೆಮಂದಿಯೆಲ್ಲ ಕೈ ಕೈ ಹಿಡಿದು ನಿಂತರೂ ಬುಡ ತಬ್ಬಲಾಗದಂಥವು. ಆ ದೇಶದ ವೀಣೆಗಳೆಲ್ಲ ಅಲ್ಲಿಂದಲೇ ಬಂದವು. ಎಳೆಯ ಹಲಸಿನಲ್ಲಿ ತೊಲೆಯಾದೀತು, ಬಾಗಿಲಾದೀತು, ವೀಣೆಯಾಗದು. ಮಳೆ ಗಾಳಿ ಹಕ್ಕಿಗಳ ದನಿಯನ್ನು ತಲೆತಲಾಂತರದಿಂದ ಕೇಳಿ ಕೇಳಿ ಮಾಗಿದ ಮರಕ್ಕೇ ನಾದ ಒಲಿಯುವುದೆಂದು ಅವರ ನಂಬಿಕೆ. ಆ ನಾದವನ್ನು ಕಾಯ್ದುಕೊಂಡು ಗೌರಿಯು ನಾದಗೌರಿ ಎಂಬ ಹೆಸರಿನಿಂದ ಆ ಕಾಡಿನಲ್ಲಿ ನೆಲೆಸಿದ್ದಳು.

ಹೀಗಿರಲು ಆ ಊರಿನಲ್ಲಿ ಒಂದು ಕಟ್ಟುಪಾಡಿತ್ತು. ಜ್ಯೇಷ್ಠ ಮಾಸದ ಶುಕ್ರವಾರ ಹೆಂಗಸರು ಮಿಂದು ಮಡಿಯುಟ್ಟು, ಕತ್ತಿ ಕುಡುಗೋಲು ಮುಟ್ಟದೆ, ಕಾಲ್ನಡಿಗೆಯಲ್ಲಿ ಹಿರಿವನಕ್ಕೆ ಹೋಗಿ, ಎಲ್ಲಕ್ಕಿಂತ ಹಳೆಯ ಮರಕ್ಕೆ ಅರಿಸಿನ ಕುಂಕುಮವಿಟ್ಟು, ತಾನಾಗಿ ಉದುರಿದ ಎಲೆಯಲ್ಲೇ ನೈವೇದ್ಯ ಬಡಿಸಿ, ಮನೆಯ ವೀಣೆಯನ್ನು ಆ ನೆರಳಿನಲ್ಲಿ ನುಡಿಸಿ, ಒಂದು ಚಿಗುರನ್ನೂ ಚಿವುಟದೆ ಹಿಂದಿರುಗುವರು. ಗಾಳಿಗೆ ಉರುಳಿದ ಮರವನ್ನು ಮಾತ್ರ ವೀಣೆ ಮಾಡುವ ಆಚಾರಿಯು ತಂದು, ವರ್ಷಗಟ್ಟಲೆ ಅಟ್ಟದಲ್ಲಿ ಆರಿಸಿ, ಆಮೇಲೆ ಉಳಿ ಹಿಡಿಯುವನು. ಮರ ಉರುಳದಿದ್ದರೆ ಹೊಸ ವೀಣೆಯಿಲ್ಲ. ಅಜ್ಜಿಯದು ಮೊಮ್ಮಗಳಿಗೆ, ಅತ್ತೆಯದು ಸೊಸೆಗೆ. ಅದನ್ನು ಕೊರತೆಯೆಂದು ಯಾರೂ ಎಣಿಸುತ್ತಿರಲಿಲ್ಲ.

ಸುಘೋಷೆಗೆ ಮದುವೆ ಗೊತ್ತಾಯಿತು. ನೆರೆಯ ದೇಶದ ರಾಜಕುಮಾರನೇ ವರ, ಬರುವ ವರ್ಷದ ವೈಶಾಖದಲ್ಲಿ ಲಗ್ನ. ಆಗ ರತ್ನಾಂಬಿಕೆಗೆ ಒಂದೇ ಯೋಚನೆ ಹತ್ತಿತು. ಮಗಳು ಅಜ್ಜಿಯ ಹಳೆಯ ವೀಣೆ ಹೊತ್ತುಕೊಂಡು ಹೋದರೆ ಬೀಗರು ಏನಂದಾರು? ಅದರ ಕೊಡದ ಬಣ್ಣ ಹೋಗಿದೆ, ದಂಡಿಯಲ್ಲಿ ಮಕ್ಕಳ ಹಲ್ಲಿನ ಗುರುತಿದೆ. ಹಾಗೆಂದು ಕೊರಗಿ ಕೊರಗಿ, ಹಿರಿವನದ ಹಿರಿಯ ಮರದಿಂದ, ಕೊಡ ದಂಡಿ ಎಲ್ಲ ಒಂದೇ ಮರದ ಏಕಾಂಡ ವೀಣೆಯನ್ನು ಮಾಡಿಸುವೆನೆಂದು ಹಟ ಹಿಡಿದಳು.

ಅಷ್ಟರಲ್ಲಿ ಜ್ಯೇಷ್ಠ ಶುಕ್ರವಾರ ಬಂತು. ಮುಂಗಾರು ಹಿಡಿದು ದಾರಿಯೆಲ್ಲ ಕೆಸರು. ರಾಣಿಯು ರೇಷ್ಮೆ ಸೀರೆಯ ನೆರಿಗೆ ನೋಡಿಕೊಂಡಳು, ಕೆಸರು ನೋಡಿದಳು. ವ್ರತವೂ ಆಗಬೇಕು, ವೀಣೆಯೂ ಆಗಬೇಕು, ಕಾಲೂ ಕೊಳೆಯಾಗಬಾರದು.

“ನಾವು ಮರದ ಹತ್ತಿರ ಹೋಗೋದ್ಯಾಕೆ? ಮರವನ್ನೇ ಇಲ್ಲಿಗೆ ತರಿಸಿ,” ಎಂದಳು.

ತರಿಸಿದರು. ಆ ಮಹಾವೃಕ್ಷವನ್ನು ಕಡಿದು, ಎತ್ತುಗಳನ್ನು ಹೂಡಿ, ಅರಮನೆಯ ಅಂಗಳಕ್ಕೆ ಎಳೆದು ತಂದು, ರಂಗೋಲಿಯ ಮೇಲೆ ಮಲಗಿಸಿ, ಸತ್ತ ಮರಕ್ಕೆ ಅರಿಸಿನ ಹಚ್ಚಿ, ಕುಂಕುಮವಿಟ್ಟು, ಹೂ ಮುಡಿಸಿ ಆರತಿ ಎತ್ತಿದರು! ಪೂಜೆಯಲ್ಲಿ ಒಂದೂ ಲೋಪವಿರಲಿಲ್ಲ. ಮಂತ್ರ ಸರಿಯಿತ್ತು, ಬಾಗಿನ ಸರಿಯಿತ್ತು, ಕರ್ಪೂರ ಸರಿಯಿತ್ತು. ಮರಕ್ಕೆ ಜೀವವೊಂದೇ ಇರಲಿಲ್ಲ. ಊರ ಹೆಂಗಸರೆಲ್ಲ ಸುತ್ತ ನಿಂತು ಹಾಡು ಹೇಳಿದರು. ಪುರೋಹಿತರು ಬೇಡವೆನ್ನಲಿಲ್ಲ. ವೀಣೆ ಮಾಡುವ ನಂಜಾಚಾರಿ ಮಾತ್ರ ಹಸಿಮರ ಆರಬೇಕು ತಾಯಿ ಎಂದು ಬಾಯಿ ತೆರೆದವನು, ಶಾಲು ಹೊದಿಸಿದ ಕೂಡಲೇ ಮುಚ್ಚಿಕೊಂಡನು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಸುಮ್ಮನಿದ್ದರು, ಏಕೆಂದರೆ ಒಳಗೆ ಹೋಳಿಗೆ ಬೇಯುತ್ತಿತ್ತು. ನಾವಿದ್ದಿದ್ದರೆ ಹೇಳುತ್ತಿದ್ದೆವೆಂದು ಯಾರಿಗಾದರೂ ಅನ್ನಿಸಿದರೆ, ಅವರು ತಮ್ಮ ಎದೆ ಮುಟ್ಟಿ ನೋಡಿಕೊಳ್ಳಲಿ.

ಒಂದು ಮರಕ್ಕೆ ನಿಲ್ಲಲಿಲ್ಲ. ಮಗಳ ಸಖಿಯರಿಗೊಂದೊಂದು ವೀಣೆ, ಬಂದ ನೆಂಟರಿಗೊಂದೊಂದು ವೀಣೆ ಎಂದು ಕಡಿದರು, ಕಡಿದರು, ಬಂಡಿ ಹೋಗುವಷ್ಟು ದೂರ ಹಿರಿವನ ಬಯಲಾಯಿತು. ಹಕ್ಕಿಗಳು ಎತ್ತಲೋ ಹೋದವು.

ವೈಶಾಖ ಬಂತು, ಚಪ್ಪರ ಎದ್ದಿತು, ಬೀಗರು ಬಂದಿಳಿದರು. ಧಾರೆಗೆ ಮುಂಚೆ ಮದುಮಗಳು ವೀಣೆ ನುಡಿಸುವುದು ಅಲ್ಲಿಯ ಪದ್ಧತಿ. ತುಂಬಿದ ಸಭೆಯಲ್ಲಿ ರತ್ನಾಂಬಿಕೆ ಮುಂದಿನ ಸಾಲಿನಲ್ಲಿ ಕುಳಿತು, ಬೀಗಿತ್ತಿಯ ಮುಖವನ್ನೇ ನೋಡುತ್ತಿದ್ದಳು. ಸುಘೋಷೆ ತಂತಿ ಮೀಟಿದಳು. ನಾದ ಬರಲಿಲ್ಲ. ಮತ್ತೆ ಮೀಟಿದಳು. ಚಟ್ಟೆಂದು ಕೊಡ ಸೀಳಿತು. ಆ ಸೀಳಿನಿಂದ ಆಗತಾನೇ ಕೊಯ್ದ ಕಾಯಿಯಿಂದ ಇಳಿಯುವಂತೆ ಬೆಳ್ಳಗೆ ಹಲಸಿನ ಮೇಣ ಸುರಿಯಿತು. ಸುರಿದು ಮದುಮಗಳ ಬಲಗೈಗೆ ಹತ್ತಿ, ಬೆರಳುಗಳೆಲ್ಲ ಒಂದಕ್ಕೊಂದು ಅಂಟಿ, ಕೈ ಮುಷ್ಟಿಯಾಗಿ ಮುಚ್ಚಿಕೊಂಡಿತು. ಎಣ್ಣೆ ಹಚ್ಚಿದರು, ಸೀಗೆ ಹಚ್ಚಿದರು, ಬಿಸಿನೀರು ಹಾಕಿದರು. ಕೈ ಬಿಡಲಿಲ್ಲ. ಕೈ ತೆರೆಯದೆ ಪಾಣಿಗ್ರಹಣವಾಗುವುದು ಹೇಗೆ? ವರನು ಹಿಡಿಯುವುದು ಏನನ್ನು? ನೋಡನೋಡುತ್ತ ಮುಹೂರ್ತ ಮೀರಿ ಹೋಯಿತು.

ಬೀಗಿತ್ತಿ ಎದ್ದು ನಿಂತು, ಕೋಪಿಸಿಕೊಳ್ಳದೆ, ಮೆಲ್ಲಗೆ ಒಂದು ಮಾತು ಆಡಿದಳು.

“ನಾವು ಹೊಸ ವೀಣೆ ಕೇಳಿರಲಿಲ್ಲವಲ್ಲ ರತ್ನಾಂಬಿಕೆಯವರೇ. ಹುಡುಗೀನ ಕೇಳಿದ್ವಿ. ಕೈ ಬಿಟ್ಟ ಮೇಲೆ ಹೇಳಿಕಳಿಸಿ, ಬರ್ತೀವಿ.”

ಬೈದಿದ್ದರೆ ತಡೆಯಬಹುದಿತ್ತು. ಈ ಮಾತಿಗೆ ರತ್ನಾಂಬಿಕೆಯ ಮುಖ ಸುಟ್ಟುಹೋಯಿತು. ನೆಂಟರೆಲ್ಲ ತಮಗೆ ಕೊಟ್ಟ ವೀಣೆಗಳನ್ನು ಜಗಲಿಯ ಮೇಲೇ ಬಿಟ್ಟು ಗಾಡಿ ಹತ್ತಿದರು. ಸುಘೋಷೆ ತಾಯಿಯನ್ನು ಬಯ್ಯಲಿಲ್ಲ, ಅಳಲೂ ಇಲ್ಲ. “ನಂಗೆ ಅಜ್ಜಿ ವೀಣೆನೇ ಇಷ್ಟವಾಗಿತ್ತಮ್ಮ, ನೀವು ಕೇಳಲೇ ಇಲ್ಲ,” ಎಂದಷ್ಟೇ ಹೇಳಿ, ಮುಚ್ಚಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೋಣೆಗೆ ಹೋದಳು.

ಅಂದಿನಿಂದ ರಾಣಿಗೆ ಅನ್ನ ಸೇರದು. ಊರವರ ಮುಖ ನೋಡಲಾಗದು. ಮಗಳು ಎಡಗೈಯಲ್ಲಿ ಉಣ್ಣುವುದನ್ನಂತೂ ನೋಡಲೇ ಆಗದು. ಒಂದು ಮುಂಜಾನೆ ದಾಸಿಯ ಸೀರೆಯುಟ್ಟು, ಮುಖ ಮುಚ್ಚುವಂತೆ ಸೆರಗೆಳೆದುಕೊಂಡು, ಒಬ್ಬಳೇ ಹಿರಿವನಕ್ಕೆ ನಡೆದಳು. ಅಲ್ಲಿ ವನವೆಲ್ಲಿ? ಕಣ್ಣು ಹಾಯುವವರೆಗೆ ಬರಿಯ ಮೋಟುಗಳು. ಅವುಗಳ ನಡುವೆ ಒಬ್ಬ ಮುದುಕಿ ಬಗ್ಗಿಕೊಂಡು ಮಣ್ಣಿನಲ್ಲಿ ಏನನ್ನೋ ಹುಡುಕುತ್ತಿದ್ದಳು. ಅವಳೇ ನಾದಗೌರಿ. ನಮಗೆ ಗೊತ್ತು, ರಾಣಿಗೆ ಗೊತ್ತಿಲ್ಲ.

“ಯಾರಮ್ಮ ನೀನು?” ಎಂದು ಮುದುಕಿ ಕೇಳಿದಳು.

ರಾಣಿಯೆಂದು ಹೇಳಲು ನಾಲಿಗೆ ಏಳಲಿಲ್ಲ. ಅರಮನೆಯಲ್ಲಿ ಪಾತ್ರೆ ತಿಕ್ಕುವವಳೆಂದಳು.

“ಹಾಗಾದ್ರೆ ಕೂತ್ಕೋ. ನಿಮ್ಮ ರಾಣಿ ಮಾಡಿದ್ದನ್ನ ಹೇಳ್ತೀನಿ,” ಎಂದು ಮುದುಕಿ ಶುರುಮಾಡಿದಳು. ಯಾವ ಮರದಲ್ಲಿ ಯಾವ ಹಕ್ಕಿಯ ಗೂಡಿತ್ತು, ಮರಿಗಳು ಹೇಗೆ ನೆಲಕ್ಕೆ ಬಿದ್ದವು, ಯಾವ ಬುಡದಲ್ಲಿ ಯಾರ ಮುತ್ತಜ್ಜಿ ಕುಂಕುಮವಿಟ್ಟಿದ್ದಳು, ಎಲ್ಲವನ್ನೂ ಹೇಳಿದಳು. ಸತ್ತ ಹೆಣಕ್ಕೆ ಹೂ ಮುಡಿಸಿ ವ್ರತವೆಂದಳಲ್ಲ ನಿಮ್ಮ ರಾಣಿ, ಅವಳಿಗೆ ನಾಚಿಕೆ ಇಲ್ಲವೇ ಎಂದು ಕೇಳಿದಳು. ರತ್ನಾಂಬಿಕೆ ಕೇಳುತ್ತ ಕೇಳುತ್ತ ಕುಗ್ಗಿ, ನೆಲ ನೋಡುತ್ತ, ಕಡೆಗೆ ತಡೆಯಲಾರದೆ ಮುಖದ ಮೇಲಿನ ಸೆರಗನ್ನು ಸರಿಸಿ ಮುದುಕಿಯ ಕಾಲ ಮೇಲೆ ಬಿದ್ದಳು.

“ಆ ರಾಣಿ ನಾನೇ ತಾಯಿ. ನನ್ನ ಕೈ ಕತ್ತರಿಸು, ನನ್ನ ಮಗಳ ಕೈ ಬಿಡಿಸು.”

ಆಗ ದೇವಿಯು ನಿಜರೂಪ ತೋರಿ ಹೇಳಿದ್ದೇನೆಂದರೆ: ಕೈ ಕತ್ತರಿಸಿಕೊಂಡು ನಾನೇನು ಮಾಡಲಿ, ನನಗೆ ಕೆಲಸ ಮಾಡುವ ಕೈ ಬೇಕು. ಬಂಡಿ ಇಳಿಯದ ಕಮರಿಯಲ್ಲಿ ಇನ್ನೂ ಕೆಲವು ಹಿರಿಯ ಮರಗಳಿವೆ. ಅವು ನಿಮ್ಮ ಕರುಣೆಯಿಂದ ಉಳಿದವಲ್ಲ, ನಿಮ್ಮ ಎತ್ತುಗಳ ಕಾಲು ಜಾರಿದ್ದರಿಂದ ಉಳಿದವು, ಅವನ್ನು ಕಾಯಿ. ಜ್ಯೇಷ್ಠದಲ್ಲಿ ಮನೆಮನೆಯ ಬಾಗಿಲಿಗೆ ಹೋಗಿ, ಮಡಿಲೊಡ್ಡಿ ಹಲಸಿನ ಬೀಜ ಬೇಡಿ, ಬೋಳಾದ ನೆಲದಲ್ಲಿ ನಿನ್ನ ಕೈಯಾರೆ ಊರಿ ನೀರೆರೆ. ಮೊಳಕೆ ಬಂದಾಗ ನಿನ್ನ ಮಗಳ ಕೈ ಬಿಡುವುದು. ಆದರೆ ಆ ಮರಗಳು ಮಾಗಿ ವೀಣೆಯಾಗುವುದನ್ನು ನೀನೂ ಕೇಳುವುದಿಲ್ಲ, ನಿನ್ನ ಮಗಳೂ ಕೇಳುವುದಿಲ್ಲ. ಒಪ್ಪಿಗೆಯೇ? ರತ್ನಾಂಬಿಕೆ ಒಪ್ಪಿದಳು. ದೇವಿ ಅಂತರ್ಧಾನಳಾದಳು.

ಜ್ಯೇಷ್ಠ ಬಂತು. ಊರ ತುಂಬ ಹಣ್ಣಿನ ವಾಸನೆ, ಪ್ರತಿ ಮನೆಯಲ್ಲೂ ಹುಳಿಗೆಂದು ಕೆಮ್ಮಣ್ಣು ಬಳಿದಿಟ್ಟ ಬೀಜ. ರಾಣಿ ಹೊರಟಳು. ಆದರೆ ನೋಡಿ, ನಾಚಿಕೆ ಅಷ್ಟು ಸುಲಭಕ್ಕೆ ದಾರಿ ಬಿಡುತ್ತದೆಯೇ? ಮತ್ತದೇ ದಾಸಿಯ ಸೀರೆಯುಟ್ಟು, ಮುಖ ಮುಚ್ಚಿಕೊಂಡು, ಅರಮನೆಯ ಅಡುಗೆಮನೆಗೆ ಹುಳಿಗೆ ಬೇಕೆಂದು ಸುಳ್ಳು ಹೇಳಿ ಬೇಡಿದಳು. ಜನ ಕೊಟ್ಟರು. ಊರಿದಳು, ನೀರೆರೆದಳು, ಕಾದಳು. ಮಣ್ಣು ಕೆದಕಿ ನೋಡಿದರೆ ಒಂದೂ ಉಳಿಯದೆ ಬೀಜವೆಲ್ಲ ಕೊಳೆತಿತ್ತು. ಮನೆಗೆ ಬಂದರೆ ಮಗಳ ಕೈ ಹಾಗೆಯೇ ಇತ್ತು.

ಮುಖ ಮುಚ್ಚಿ ಸುಳ್ಳು ಹೇಳಿ ಬೇಡಿದ ಬೀಜ ಮೊಳೆಯದೆಂದು ಆಗ ಅವಳಿಗೆ ತಿಳಿಯಿತು. ಆಷಾಢದ ಮಳೆಯಲ್ಲಿ, ತನ್ನ ಸೀರೆಯಲ್ಲೇ, ಬರಿಗಾಲಿನಲ್ಲಿ, ಮುಖ ತೆರೆದುಕೊಂಡು ಗಾಣಿಗರ ಬೀದಿಯ ಮೊದಲನೆಯ ಬಾಗಿಲಿಗೆ ಹೋಗಿ ನಿಂತಳು. ಅದು ಲಿಂಗಾಜಮ್ಮನ ಮನೆ. ಬೀದಿಯ ಜನ ಕಿಟಕಿಯಿಂದ ನೋಡುತ್ತಿದ್ದರು. ರಾಣಿ ಸೆರಗನ್ನು ಮುಂದಕ್ಕೆ ಒಡ್ಡಿದಳು.

“ಲಿಂಗಾಜಮ್ಮ, ಹಿರಿವನ ಕಡಿಸಿದವಳು ನಾನು. ಬೀಗರ ಮುಂದೆ ಮೆರೆಯೋಕೆ ಕಡಿಸಿದೆ. ಅಲ್ಲಿ ಹಾಕೋಕೆ ಬೀಜ ಬೇಕು.”

ಲಿಂಗಾಜಮ್ಮ ಕೊಡಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಹೊಸಿಲಿಗೆ ಒರಗಿ, ಅವಳೂ ತಲೆ ತಗ್ಗಿಸಿದಳು.

“ಅವತ್ತು ನಿಮ್ಮ ಅಂಗಳದಲ್ಲಿ ಆರತಿ ಹಾಡು ಎತ್ತಿದವಳು ನಾನೇ ತಾಯಿ. ಮರ ಸತ್ತಿದೆ ಅಂತ ನಂಗೂ ಗೊತ್ತಿತ್ತು. ಹಾಡು ಹೇಳಿ, ಹೋಳಿಗೆ ತಿಂದು ಬಂದೆ. ನಿಮಗೆ ಬಾಗಿಲು ಹಾಕೋ ಮುಖ ನಂಗೆಲ್ಲಿದೆ?”

ಹೀಗೆಂದು ಒಳಗೆ ಹೋಗಿ, ಬೀಜದ ಮಡಕೆಯನ್ನೇ ತಂದು ರಾಣಿಯ ಮಡಿಲಿಗೆ ಸುರಿದು, ತಾನೂ ಸೆರಗು ಸಿಕ್ಕಿಸಿಕೊಂಡು ಜೊತೆಗೆ ಹೊರಟಳು. ಅದನ್ನು ನೋಡಿ ಪಕ್ಕದ ಮನೆಯವಳು, ಅವಳನ್ನು ನೋಡಿ ಎದುರು ಮನೆಯವಳು, ಹೀಗೆ ಹಾಡು ಹೇಳಿದವರೆಲ್ಲ, ಊಟ ಉಂಡವರೆಲ್ಲ, ಶಾಲು ಹೊದ್ದ ನಂಜಾಚಾರಿಯೂ, ಮಂತ್ರ ಹೇಳಿದ ಪುರೋಹಿತರೂ ಮಡಿಲಲ್ಲಿ ಮಕ್ಕರಿಯಲ್ಲಿ ಬೀಜ ತುಂಬಿಕೊಂಡು ಮಳೆಯಲ್ಲೇ ಹಿರಿವನಕ್ಕೆ ನಡೆದರು. ದಾರಿಯುದ್ದಕ್ಕೂ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೋಟುಗಳ ನಡುವೆ ಮೊಣಕಾಲೂರಿ ಊರಿದರು.

ಶ್ರಾವಣದಲ್ಲಿ ಸುಘೋಷೆ ತಾಯಿಯನ್ನು ಹುಡುಕಿಕೊಂಡು ಅಲ್ಲಿಗೆ ಬಂದಳು. ರಾಣಿಯ ಉಗುರಿನಲ್ಲಿ ಮಣ್ಣು, ಕಾಲಲ್ಲಿ ಕೆಸರು. ಮಗಳನ್ನು ಕಂಡು ಮುಖ ಆಚೆ ತಿರುಗಿಸಿಕೊಂಡಳು. ಅವಳ ಮುಂದೆ ಒಂದು ಕೆಂಪು ಮೊಳಕೆ ತಲೆ ಎತ್ತಿತ್ತು. ಅದರ ಮಗ್ಗುಲಲ್ಲಿ ಇನ್ನೊಂದು, ಆಚೆಗೆ ಮತ್ತೊಂದು. ಸುಘೋಷೆ ಅದರ ಬುಡಕ್ಕೆ ಮಣ್ಣು ಸರಿಸಲು ಮುಚ್ಚಿದ ಮುಷ್ಟಿಯನ್ನೇ ನೆಲಕ್ಕೆ ಊರಿದಳು. ಒದ್ದೆ ಮಣ್ಣು ತಾಗಿದ್ದೇ ತಡ, ಮೇಣ ಕರಗಿ, ಬೆರಳು ಬೆರಳು ಬೇರೆಯಾಗಿ ಕೈ ತೆರೆಯಿತು. ಆ ಕೈಯಿಂದ ಅವಳು ತಾಯಿಯ ಗಲ್ಲ ಹಿಡಿದು, ತಿರುಗಿದ್ದ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಇಬ್ಬರೂ ಅತ್ತರು.

ಬೀಗರಿಗೆ ಹೇಳಿಕಳಿಸಲಾಗಿ, ಅವರು ಆಡಿದ ಮಾತಿನಂತೆ ಬಂದು, ವರನು ಆ ಕೈಯನ್ನೇ ಹಿಡಿದು ಮದುವೆಯಾದನು. ಕಮರಿಯ ಮರಗಳಿಗೆ ಕೊಡಲಿ ತಾಗಿಸಬಾರದು, ಗಾಳಿ ಕೊಟ್ಟದ್ದನ್ನು ಮಾತ್ರ ತರಬೇಕೆಂದು ರಾಜನು ಡಂಗುರ ಸಾರಿಸಿದನು. ವರ್ಷ ವರ್ಷವೂ ಜ್ಯೇಷ್ಠ ಶುಕ್ರವಾರ ಹೆಂಗಸರು ಒಬ್ಬರಿಗೊಬ್ಬರು ಬೀಜದಿಂದ ಮಡಿಲು ತುಂಬುವುದು ಅಲ್ಲಿಂದ ಬಳಕೆಗೆ ಬಂತು. ರತ್ನಾಂಬಿಕೆ ಮುದುಕಿಯಾಗುವತನಕ ನೀರು ಹೊತ್ತಳು. ಆಗಾಗ ಎಳೆಯ ಕಾಂಡಕ್ಕೆ ಕಿವಿಯಿಟ್ಟು ನೋಡುವಳು. ಏನೂ ಕೇಳಿಸದು, ಮತ್ತೆ ಕೊಡ ಎತ್ತಿಕೊಳ್ಳುವಳು. ಅವಳು ಕಣ್ಣು ಮುಚ್ಚಿದಾಗ ಆ ಮರಗಳಿನ್ನೂ ವೀಣೆಗೆ ಬಲು ಎಳೆಯವು.

ಅಮ್ಮಾ ನಾದಗೌರಿ, ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ನಡುವೆ ತೂಕಡಿಸಿ ಎಚ್ಚೆತ್ತವರಿಗೂ ರತ್ನಾಂಬಿಕೆಗೆ ಕೊಟ್ಟ ಫಲವನ್ನೇ ಕೊಡು. ಅಂಟಿದ ಕೈ ಬಿಡಲಿ, ತಪ್ಪಿದ ಮುಹೂರ್ತ ಕೂಡಿಬರಲಿ, ಊರಿದ ಬೀಜ ಮೊಳೆಯಲಿ. ಆ ಮರದ ವೀಣೆ ನಮ್ಮ ಕಿವಿಗೆ ಬೀಳದಿರಲಿ ತಾಯಿ, ಅದು ನಮಗೆ ಸಲ್ಲತಕ್ಕದ್ದಲ್ಲ. ನಮ್ಮ ಹೆಸರೂ ತಿಳಿಯದ ಮೊಮ್ಮಕ್ಕಳ ಮಕ್ಕಳು ಅದನ್ನು ಕೇಳಲಿ.