ಮಾನಪ್ಪನ ಜೋಡಿರೆಕ್ಕೆ ವಿಮಾನ

ಯಾವ ಕಾಲದ ಮಾತು ಅಂತ ಕೇಳಬೇಡಿ, ನನಗೆ ಹೇಳಿದವರೂ ಅದನ್ನು ಹೇಳಲಿಲ್ಲ. ಬಹಳ ಹಿಂದೆ, ಎರೆಹಾಳ ಅಂತ ಒಂದೂರು. ಕಣ್ಣು ಹಾಯುವಷ್ಟು ದೂರ ಕರೀ ನೆಲ, ಆ ನೆಲದ ತುಂಬ ಹತ್ತಿ. ಆ ಊರಲ್ಲಿ ಮಾನಪ್ಪ ಬಡಿಗೇರ ಅಂತ ಒಬ್ಬನಿದ್ದ.

ಅವನು ಮಾಡಿಕೊಟ್ಟ ಕುಂಟೆ ಹೂಡಿದರೆ ಎತ್ತಿಗೆ ಭಾರವೇ ಗೊತ್ತಾಗುತ್ತಿರಲಿಲ್ಲವಂತೆ. ಅವನು ಕೂರಿಸಿದ ಬಾಗಿಲು ಮುಚ್ಚಿದರೆ ಒಳಗಿನ ದೀಪದ ಬೆಳಕು ಒಂದೆಳೆಯೂ ಆಚೆ ಬರುತ್ತಿರಲಿಲ್ಲವಂತೆ. ಹೇಳುವವರು ಒಂದಕ್ಕೆ ಎರಡು ಸೇರಿಸುತ್ತಾರೆ, ಇರಲಿ. ಆದರೆ ಒಂದು ಮಾತನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. ಅವನ ಕಣ್ಣಲ್ಲೇ ಅಳತೆ ಇತ್ತು, ಒಮ್ಮೆ ಮುಟ್ಟಿದ್ದನ್ನು ಅವನ ಕೈ ಮರೆಯುತ್ತಿರಲಿಲ್ಲ.

ಅವನನ್ನು ಸಾಕಿದವಳು ಅಕ್ಕ ಕಾಳವ್ವ. ಅಪ್ಪ ಅವ್ವ ಬೇಗ ಹೋದರು. ಗಂಡನನ್ನು ಕಳೆದುಕೊಂಡ ಅಕ್ಕ ತವರಿಗೆ ಬಂದು, ತಮ್ಮನನ್ನೇ ಮಗನ ಹಾಗೆ ಬೆಳೆಸಿದಳು. ಗೌಡರ ಹತ್ತಿ ಹೊಲದಲ್ಲಿ ಕೂಲಿ ಮಾಡಿ ಅವನಿಗೆ ಉಳಿ, ಬಾಚಿ, ಗರಗಸ ಕೊಡಿಸಿದಳು. ಅವಳ ಬಾಯಿ ಜೋರು. ಆದರೆ ತಮ್ಮ ಉಣ್ಣುವಾಗ ಎದುರಿಗೆ ಕೂತು, ಅವನು ಬೇಡ ಬೇಡ ಅಂದರೂ ಇನ್ನೊಂದು ರೊಟ್ಟಿ ತಾಟಿಗೆ ಹಾಕದೆ ಏಳುತ್ತಿರಲಿಲ್ಲವಂತೆ.

ಒಂದು ವರ್ಷ ಹತ್ತಿಗೆ ಹುಳ ಬಿತ್ತು. ಎಂಥ ಹುಳ ಅಂದರೆ, ಹೊಲದ ಬದುವಿನ ಮೇಲೆ ನಿಂತರೆ ಅವು ಮೇಯುವ ಸದ್ದು ಕೇಳುತ್ತಿತ್ತಂತೆ. ಊರಿನ ಅರ್ಧ ನೆಲ ಪಂಪನಗೌಡರದು. ಅವರು ಎಲ್ಲಿಂದಲೋ ಒಂದು ವಿಮಾನ ತರಿಸಿದರು. ಹಳದಿ ಬಣ್ಣದ್ದು, ಒಂದರ ಮೇಲೊಂದು ಜೋಡಿ ರೆಕ್ಕೆ, ಹೊಟ್ಟೆಯಲ್ಲಿ ಹುಳಕ್ಕೆ ಹೊಡೆಯುವ ಔಷಧ. ಆ ಔಷಧಕ್ಕೆ ನಮ್ಮ ಕಡೆ ಎಣ್ಣೆ ಅಂತಾರೆ.

ವಿಮಾನ ಊರಾಚೆಯ ಮಡ್ಡಿ ಮೇಲೆ, ಅಂದರೆ ಬೆಳೆ ಬೆಳೆಯದ ಕಲ್ಲು ದಿಬ್ಬದ ಮೇಲೆ ಇಳಿಯಿತು. ಇಳಿಯುವಾಗ ಕುಲುಕಿ, ಮೇಲಿನ ರೆಕ್ಕೆಗೂ ಕೆಳಗಿನ ರೆಕ್ಕೆಗೂ ನಡುವೆ ಆನಿಸಿದ್ದ ಕಟ್ಟಿಗೆಯ ಕಂಬ ಒಂದು ಸೀಳಿತು. ಗೌಡರು ಮಾನಪ್ಪನಿಗೆ ಹೇಳಿ ಕಳಿಸಿದರು. ಮಾನಪ್ಪ ಹೋದ, ಸೀಳಿದ ಕಂಬ ಬಿಚ್ಚಿದ, ತೇಗದ ತುಂಡು ತಂದು ಅದೇ ಅಳತೆಗೆ, ಅದೇ ಓರೆಯ ವಾಟಕ್ಕೆ ಹೊಸದು ಕೆತ್ತಿ ಕೂರಿಸಿದ. ವಿಮಾನ ನಡೆಸುವವನು ಅದನ್ನು ಹಿಡಿದು ಅಲ್ಲಾಡಿಸಿ ನೋಡಿ, ಅವನ ಬೆನ್ನು ತಟ್ಟಿದನಂತೆ. ಸೀಳಿದ ಕಂಬವನ್ನು ಮಾನಪ್ಪ ಮನೆಗೆ ತಂದ. ನನ್ನ ತಮ್ಮ ಇಲ್ಲದಿದ್ದರೆ ಆ ವಿಮಾನ ಮಡ್ಡಿ ಮೇಲೇ ಕೊಳೆಯುತ್ತಿತ್ತು ಅಂತ ಕಾಳವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಮರುದಿನ ಬೆಳಿಗ್ಗೆ ಎಣ್ಣೆ ಹೊಡೆಯುವುದು. ಮೇಲಿನಿಂದ ಬರುವವನಿಗೆ ಹೊಲದ ಗುರುತು ಬೇಕಲ್ಲ, ಅದಕ್ಕೆ ಹೆಣ್ಣಾಳುಗಳನ್ನು ಹೊಲದ ಅಂಚಿಗೆ ನಿಲ್ಲಿಸಿ ಕೈಗೊಂದು ಬಿಳಿ ಬಟ್ಟೆ ಕೊಟ್ಟರು. ಬಟ್ಟೆ ಬೀಸಬೇಕು, ವಿಮಾನ ತಲೆ ಮೇಲೆ ಹಾದು ಹೋಗಬೇಕು, ಆಮೇಲೆ ಅಷ್ಟು ದೂರ ಸರಿದು ಮತ್ತೆ ಬೀಸಬೇಕು. ಮೊದಲ ಸಲ ಹನಿ ಬಿದ್ದಾಗ ಉಳಿದವರು ತಲೆ ತಗ್ಗಿಸಿದರು. ಕಾಳವ್ವ ತಗ್ಗಿಸಲಿಲ್ಲವಂತೆ. ತಮ್ಮ ಕೂರಿಸಿದ ಕಂಬ ಯಾವುದು ಅಂತ ನೋಡಲು ಮುಖ ಎತ್ತಿ ನಿಂತಿದ್ದಳಂತೆ.

ಮಧ್ಯಾಹ್ನ ಮನೆಗೆ ಬಂದಳು. ಸೀರೆಯೆಲ್ಲ ಒದ್ದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು.

"ಮಾನೂ, ಕಣ್ಣ ಮುಂದ ಕತ್ತಲಿ ಬಂದೈತಿ. ದೀಪ ಹಚ್ಚೊ," ಅಂದಳು.

ಅದೇ ಅವಳ ಕಡೇ ಮಾತು. ಬಾಯಲ್ಲಿ ನೊರೆ ಬಂತು. ಪಟ್ಟಣದ ಆಸ್ಪತ್ರೆ ಮುಟ್ಟುವ ಮೊದಲೇ ಚಕ್ಕಡಿಯಲ್ಲಿ ಜೀವ ಹೋಯಿತು. ಆ ದಿನ ಅವಳ ಜೊತೆ ನಿಂತಿದ್ದ ಹನುಮವ್ವ ಮತ್ತೆ ಉಳಿದ ಹೆಂಗಸರು ವಾಂತಿ ಮಾಡಿಕೊಂಡು, ನಡುಗಿ, ಹೇಗೋ ಬದುಕಿದರು.

ವಿಚಾರಣೆ ಮಾಡಲು ಜೀಪು ಬಂತು. ಅದು ಬರುವ ಮೊದಲೇ ವಿಮಾನ ಊರು ಬಿಟ್ಟಿತ್ತು, ಗೌಡರ ಮಾತು ಮನೆಮನೆಗೆ ಮುಟ್ಟಿತ್ತು. ವಿಮಾನ ಬಂದಿತ್ತು ಅಂದವರಿಗೆ ಮುಂದಿನ ವರ್ಷ ಹೊಲದಲ್ಲಿ ಕೆಲಸ ಇಲ್ಲ, ಬಾವಿಯಲ್ಲಿ ನೀರು ಇಲ್ಲ. ಸಾಹೇಬರು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬೊಬ್ಬರೂ ಯಾವ ವಿಮಾನ, ನಾವು ನೋಡಿಲ್ಲ ಅಂದರು. ಹಾಗಾದರೆ ಅವಳು ಹೇಗೆ ಸತ್ತಳು ಅಂತ ಕೇಳಿದರು. ಎಣ್ಣೆ ಕುಡಿದು ಸತ್ತಳು, ಗಂಡ ಇಲ್ಲದವಳು, ಏನು ಮಾಡಿಕೊಂಡಿದ್ದಳೋ ಏನೋ ಅಂದರು. ಆ ಮಾತು ಹೇಳಿದವರಲ್ಲಿ ಹನುಮವ್ವನೂ ಒಬ್ಬಳು. ನಾಲಿಗೆ ಇನ್ನೂ ಹುಣ್ಣಾಗಿತ್ತು, ಆದರೂ ಹೇಳಿದಳು.

ಮಾನಪ್ಪ ಸೀಳಿದ ಕಂಬ ತಂದು ಸಾಹೇಬರ ಮುಂದೆ ಇಟ್ಟ. ಅವರು ತಿರುಗಿಸಿ ನೋಡಿ, ಇದು ಮಂಚದ ಕಾಲಲ್ಲವೇನಯ್ಯ ಅಂದರು. ಸುತ್ತ ನಿಂತವರು ನಕ್ಕರು. ಆ ನಗು ಅವನ ಎದೆಯಲ್ಲಿ ಕಡೆಯವರೆಗೂ ಇತ್ತು ಅಂತ ಹೇಳುತ್ತಾರೆ. ಅಕ್ಕ ಸತ್ತಿದ್ದಕ್ಕಿಂತ, ಎಣ್ಣೆ ಕುಡಿದು ಸತ್ತಳು ಅಂದದ್ದು ಅವನನ್ನು ಹೆಚ್ಚು ಸುಟ್ಟಿತು. ಅದಕ್ಕಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಆ ವಿಮಾನವನ್ನು ಮೇಲೆ ಏಳಿಸಿದ್ದು ತನ್ನ ಕೈ. ಅದನ್ನು ಅವನು ಯಾರಿಗೆ ಹೇಳಬೇಕು?

ಅವನು ಊರವರಿಗೆ ಕುಂಟೆ ಮಾಡುವುದು ಬಿಟ್ಟ. ಬಾಗಿಲಿಗೆ ಬೀಗ ಹಾಕಿ ಪಟ್ಟಣಕ್ಕೆ ಹೋದ. ಅಲ್ಲಿ ಮದುವೆ ಮಂಟಪಕ್ಕೆ ಅಲಂಕಾರ ಮಾಡುವವರ ಹತ್ತಿರ ಸೇರಿ, ಥರ್ಮಾಕೋಲು, ಫೋಮ್ ಬೋರ್ಡು ಕೊರೆಯುವುದು ಕಲಿತ. ಮದುಮಕ್ಕಳ ಹೆಸರು ಕೊರೆದ, ನವಿಲು ಕೊರೆದ, ಕಮಾನು ಕೊರೆದ. ಪಕ್ಕದಲ್ಲೇ ಖಾದರಸಾಬನ ರೇಡಿಯೊ ರಿಪೇರಿ ಅಂಗಡಿ. ಖಾದರಸಾಬನಿಗೆ ಆಟದ ಕಾರು, ದೋಣಿ, ಇವನ್ನೆಲ್ಲ ರಿಮೋಟಿನಿಂದ ಓಡಿಸುವ ಹುಚ್ಚು. ಹಗುರಾದ ಹಲಗೆ ನನ್ನ ಹತ್ತಿರ ಇದೆ, ರೇಡಿಯೊ ನಿನ್ನ ಹತ್ತಿರ ಇದೆ, ಒಂದು ವಿಮಾನ ಯಾಕೆ ಆಗಬಾರದು ಅಂತ ಮಾನಪ್ಪ ಒಂದು ದಿನ ಕೇಳಿದನಂತೆ. ಎಂಥ ವಿಮಾನ ಅಂತ ಸಾಬ ಕೇಳಿದ. ಮಾನಪ್ಪ ಊರಿಂದ ಹೊತ್ತು ತಂದಿದ್ದ ಆ ಕಂಬ ತೋರಿಸಿದ.

ಆ ಒಂದು ಕಂಬದಿಂದ ಅವನು ಇಡೀ ವಿಮಾನದ ಅಳತೆ ತೆಗೆದ ಅಂತ ಹೇಳುತ್ತಾರೆ. ಎರಡು ರೆಕ್ಕೆಗಳ ನಡುವಿನ ಎತ್ತರ ಕಂಬದಷ್ಟು. ರೆಕ್ಕೆಯ ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಉದ್ದ ಅದರ ಎಷ್ಟು ಪಟ್ಟು ಅನ್ನುವುದು, ಅಂದು ಅದರ ಕೆಳಗೆ ನಡೆದಾಡಿದ ಅವನ ಕಾಲಿಗೆ ನೆನಪಿತ್ತು. ಎಲ್ಲವನ್ನೂ ಆರರಲ್ಲಿ ಒಂದು ಪಾಲಿಗೆ ಇಳಿಸಿ, ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಎರಡೂ ಮೈಗೆ ಕಾಗದ ಅಂಟಿಸಿದ ಫೋಮ್ ಬೋರ್ಡು ಬಾಗಿಸಿದರೆ ಮುರಿಯುತ್ತದೆ. ಅದಕ್ಕೆ ಒಳಮೈಯ ಕಾಗದಕ್ಕೆ ಸಾಲು ಸಾಲಾಗಿ ಮೊಂಡು ಚಾಕುವಿನ ಗೆರೆ ಎಳೆದು, ಹೊರಮೈ ಸೀಳದ ಹಾಗೆ ನಿಧಾನವಾಗಿ ಬಗ್ಗಿಸಿ, ರೆಕ್ಕೆಯ ಬೆನ್ನಿಗೆ ಉಬ್ಬು ತಂದ. ಬಿದಿರು ಸೀಳಿ ಕಂಬ ಮಾಡಿದ. ರೆಕ್ಕೆಯಿಂದ ರೆಕ್ಕೆಗೆ ಅಡ್ಡಡ್ಡ ದಾರ ಬಿಗಿದ. ಮೂತಿಗೆ ಮೋಟರು, ಹೊಟ್ಟೆಗೆ ಬ್ಯಾಟರಿ, ಬಾಲಕ್ಕೆ ತಂತಿ.

ಮೊದಲ ಸಲ ಹಾರಿಸಿದಾಗ ಮೂತಿ ಮೇಲೆತ್ತಿ, ನಿಂತ ಹಾಗೆ ನಿಂತು, ಹಿಂದಕ್ಕೆ ಬಿತ್ತು. ಬಾಲ ಭಾರ. ಮೂತಿಗೆ ಸೀಸ ಕಟ್ಟಿದ. ಇನ್ನೊಂದು ಸಲ ಒಂದೇ ಕಡೆ ತಿರುಗಿ ತಿರುಗಿ ನೆಲಕ್ಕೆ ಬಡಿಯಿತು. ಮೇಲಿನ ರೆಕ್ಕೆ ಒಂದು ವಾಟಕ್ಕೆ, ಕೆಳಗಿನದು ಒಂದು ವಾಟಕ್ಕೆ ಕೂತಿತ್ತು. ಬಿಚ್ಚಿ ಮತ್ತೆ ಕೂರಿಸಿದ. ಮುರಿಯಿತು, ಅಂಟಿಸಿದ. ಮುರಿಯಿತು, ಅಂಟಿಸಿದ. ಇಷ್ಟು ಕಷ್ಟ ಯಾಕೆ, ಒಂದೇ ರೆಕ್ಕೆ ಇಟ್ಟರೆ ಸಲೀಸಾಗಿ ಹಾರುತ್ತದಲ್ಲ ಅಂತ ಖಾದರಸಾಬ ಎಷ್ಟೋ ಸಲ ಹೇಳಿದ. ಮಾನಪ್ಪ ಒಪ್ಪಲಿಲ್ಲ. ಅಕ್ಕ ನೋಡಿದ್ದು ಜೋಡಿ ರೆಕ್ಕೆಯದು, ಅಷ್ಟೇ ಅಂದ. ಕೊನೆಗೊಂದು ದಿನ ಅದು ಮೇಲೆದ್ದು, ಒಂದು ಸುತ್ತು ಹಾಕಿ, ಹದ್ದಿನ ಹಾಗೆ ಇಳಿಯಿತು. ಖಾದರಸಾಬ ಕುಣಿದಾಡಿದ. ಮಾನಪ್ಪ ಅಂದೇ ಅದಕ್ಕೆ ಹಳದಿ ಬಣ್ಣ ಬಳಿದ.

ಅಷ್ಟರಲ್ಲಿ ಎರೆಹಾಳದಲ್ಲಿ ಪಂಪನಗೌಡರಿಗೆ ಅರವತ್ತು ತುಂಬಿತ್ತು. ಸಾಲೆಯ ಮುಂದಿನ ಬಯಲಲ್ಲಿ ಶಾಮಿಯಾನ ಹಾಕಿದ್ದರು. ಊರಿಗೆ ಊರೇ ಸೇರಿತ್ತು. ಗೌಡರು ಹಾರ ಹಾಕಿಕೊಂಡು ವೇದಿಕೆ ಮೇಲೆ ಕೂತಿದ್ದರು. ಶಾಮಿಯಾನದೊಳಗೆ ಜಾಗ ಸಾಲದೆ ಹೆಂಗಸರು ಬಿಸಿಲಲ್ಲೇ ಸಾಲಾಗಿ ಕೂತಿದ್ದರು. ಸಾಲೆಯ ಹಿಂದಿನಿಂದ ಒಂದು ಸದ್ದು ಬಂತು. ಎಲ್ಲರೂ ತಲೆ ಎತ್ತಿದರು. ಹಳದಿ ವಿಮಾನ, ಜೋಡಿ ರೆಕ್ಕೆ, ತಗ್ಗಿ ತಗ್ಗಿ ಅವರ ಮೇಲೇ ಬರುತ್ತಿದೆ.

ಅದರಲ್ಲಿ ಎಣ್ಣೆ ಇರಲಿಲ್ಲ. ನೀರೂ ಇರಲಿಲ್ಲ. ಆದರೆ ಮೊದಲು ಹನುಮವ್ವ ಕಿರುಚಿದಳು. ಸೆರಗನ್ನು ಮೂಗು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಬೋರಲು ಬಿದ್ದಳು. ಅವಳನ್ನು ನೋಡಿ ಅಲ್ಲ, ಅವಳ ಜೊತೆ ಜೊತೆಗೇ, ಅಂದು ಹೊಲದ ಅಂಚಿನಲ್ಲಿ ನಿಂತಿದ್ದ ಒಬ್ಬೊಬ್ಬ ಹೆಂಗಸೂ ಹಾಗೇ ಬಿದ್ದಳು. ಅಂದು ಅಲ್ಲಿ ಇಲ್ಲದಿದ್ದವರು ಬೆರಗಾಗಿ ಮೇಲೆ ನೋಡುತ್ತಿದ್ದರು, ಇದ್ದವರು ಮಣ್ಣಿಗೆ ಮುಖ ಒತ್ತಿದ್ದರು. ಮತ್ತೆ ಮೇಲೆ ಕೂತಿದ್ದ ಪಂಪನಗೌಡರು, ಹೆಗಲ ಮೇಲಿನ ವಲ್ಲಿಯನ್ನು ಎಳೆದು ಮೂಗು ಮುಚ್ಚಿಕೊಂಡಿದ್ದರು.

ವಿಮಾನ ಬಯಲಲ್ಲಿ ಇಳಿಯಿತು. ಮಾನಪ್ಪ ರಿಮೋಟು ಹಿಡಿದು ಜನರ ನಡುವೆ ಬಂದು ನಿಂತ.

"ವಿಮಾನ ಬಂದೇ ಇಲ್ಲ ಅಂದಿದ್ರಿ," ಅಂದ. "ಮತ್ತ ಇದನ್ನ ನೋಡಿ ಯಾಕ ಬಿದ್ರಿ?"

ಬಿದ್ದವರು ಎದ್ದು ಮಣ್ಣು ಕೊಡವಿಕೊಂಡರು, ಆದರೆ ಅವನ ಮುಖ ನೋಡಲಿಲ್ಲ. ಆ ಹೊತ್ತು ಎರೆಹಾಳ ಬಾಯಿ ಬಿಡುವುದರಲ್ಲಿತ್ತು ಅಂತ ಹೇಳುತ್ತಾರೆ. ಇನ್ನೊಂದು ಗಳಿಗೆ ಆಗಿದ್ದರೆ ಯಾರಾದರೂ ಹೇಳುತ್ತಿದ್ದರು ಅಂತ ಹೇಳುತ್ತಾರೆ. ಈಗ ಹಾಗನ್ನುವುದು ಸುಲಭ. ಆ ಗಳಿಗೆಯನ್ನು ಗೌಡರು ಬಿಡಲಿಲ್ಲ. ವಲ್ಲಿ ಹೆಗಲಿಗೆ ಹಾಕಿಕೊಂಡು, ಕೆಳಗಿಳಿದು ಬಂದು, ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮೈಕಿನ ಮುಂದೆ ಹೋದರು.

"ನಮ್ಮೂರ ಬಡಿಗೇರ ಮಾನಪ್ಪ ನನ್ನ ಅರವತ್ತಕ್ಕ ಎಂಥಾ ಕಾಣಿಕಿ ತಂದಾನ ನೋಡ್ರಿ," ಅಂದರು. "ಇಂಥಾ ಕೈ ಯಾವ ಊರಾಗೈತಿ? ಚಪ್ಪಾಳಿ ಹೊಡೀರಿ."

ಊರು ಚಪ್ಪಾಳೆ ಹೊಡೆಯಿತು. ಕೊರಳಿನ ಉರುಲು ಸಡಿಲಿದ ಹಾಗೆ, ನಗುತ್ತ, ಜೋರಾಗಿ ಹೊಡೆಯಿತು. ಗೌಡರು ತಮ್ಮ ಕೊರಳಿನ ಹಾರ ತೆಗೆದು ಮಾನಪ್ಪನಿಗೆ ಹಾಕಿದರು. ಹಾಡು ಹಚ್ಚಿದರು. ಮಾನಪ್ಪ ಮತ್ತೆ ಏನೋ ಹೇಳಿದ, ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ. ಅವನು ಏನು ಹೇಳಿದ ಅನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಚಪ್ಪಾಳೆ ಹೊಡೆಯದವಳು ಹನುಮವ್ವ ಒಬ್ಬಳೇ. ಊಟದ ಗದ್ದಲದಲ್ಲಿ ಅವನ ಹತ್ತಿರ ಬಂದಳು.

"ಬಂದಿತ್ತಪ್ಪ. ಕಾಳಿ ಎಣ್ಣಿ ಕುಡೀಲಿಲ್ಲ," ಅಂತ ಪಿಸುಗುಟ್ಟಿದಳು.

"ಅದು ನನಗ ಗೊತ್ತೈತಿ ಚಿಗವ್ವ. ಅವರಿಗೆ ಹೇಳು."

ಹನುಮವ್ವ ಊಟಕ್ಕೆ ಕೂತ ಪಂಕ್ತಿಯ ಕಡೆ ನೋಡಿದಳು. ಅಲ್ಲಿ ಅವಳ ಮಗ ಗೌಡರ ಮನೆಯ ಅನ್ನ ಬಡಿಸುತ್ತಿದ್ದ. ಅವಳು ಸೆರಗು ಹೊದ್ದು ಮನೆಗೆ ಹೋದಳು.

ಮಾನಪ್ಪ ಹಾರ ತೆಗೆದು ಕುರ್ಚಿಯ ಮೇಲಿಟ್ಟ. ವಿಮಾನ ಎತ್ತಿಕೊಂಡು ಮಡ್ಡಿಗೆ ಹೋದ. ಸಂಜೆಯಾಗುತ್ತಿತ್ತು. ಮಡ್ಡಿಯಿಂದ ವಿಮಾನ ಮೇಲೆ ಬಿಟ್ಟು, ಹತ್ತಿ ಹೊಲಗಳ ಮೇಲೆ ನೇರ ನಡೆಸಿದ, ತಿರುಗಿಸಲೇ ಇಲ್ಲ. ಅದು ಸಣ್ಣದಾಗುತ್ತ ಆಗುತ್ತ, ರೇಡಿಯೊಗೆ ಸಿಗದಷ್ಟು ದೂರ ಹೋಯಿತು. ರಿಮೋಟನ್ನು ಒಂದು ಕಲ್ಲಿನ ಮೇಲಿಟ್ಟು, ಊರಿಗೆ ಬೆನ್ನು ಹಾಕಿ ನಡೆದ. ಪಟ್ಟಣಕ್ಕೂ ಹೋಗಲಿಲ್ಲ. ಖಾದರಸಾಬ ಬಹಳ ಕಾಲ ಹುಡುಕಿದನಂತೆ. ವಿಮಾನ ಬಿದ್ದದ್ದನ್ನು ಯಾರೂ ನೋಡಲಿಲ್ಲ, ಅದಕ್ಕೇ ಅದು ಇನ್ನೂ ಹಾರುತ್ತಿದೆ ಅನ್ನುವವರಿದ್ದಾರೆ. ಎಲ್ಲೋ ಜಾಲಿ ಮುಳ್ಳಿನಲ್ಲಿ ಸಿಕ್ಕಿ ಗೆದ್ದಲಿಗೆ ಹೋಗಿರುತ್ತದೆ ಅನ್ನುವವರೂ ಇದ್ದಾರೆ.

ಮುಂದಿನ ಮಳೆಗಾಲ ಹತ್ತಿಗೆ ಮತ್ತೆ ಹುಳ ಬಿತ್ತು. ವಿಮಾನ ತರಿಸುವ ಧೈರ್ಯ ಗೌಡರಿಗೂ ಇರಲಿಲ್ಲ. ಹೆಂಗಸರ ಬೆನ್ನಿಗೆ ಪಂಪು ಕಟ್ಟಿ ಹೊಲಕ್ಕೆ ಕಳಿಸಿದರು. ಹನುಮವ್ವ ಬದುವಿನ ಮೇಲೆ ಪಂಪು ಇಳಿಸಿ ಕೂತುಬಿಟ್ಟಳು. ಮೊದಲ ಸಾಲು ಹೊಡೆಯುವಾಗ ಹೊಲದ ಯಜಮಾನ ಹನಿ ಮುಖಕ್ಕೆ ಬರುವ ಹಾಗೆ ಗಾಳಿಗೆ ಎದುರಾಗಿ ನಿಲ್ಲಲಿ, ಆಮೇಲೆ ನಾವು ಇಳಿಯುತ್ತೇವೆ ಅಂದಳು. ಒಬ್ಬೊಬ್ಬರಾಗಿ ಎಲ್ಲರೂ ಪಂಪು ಇಳಿಸಿ ಅವಳ ಪಕ್ಕ ಕೂತರು. ಹುಳ ಕಾಯುವುದಿಲ್ಲವಲ್ಲ. ಎರಡು ದಿನ ಸಿಟ್ಟು ಮಾಡಿದ ಗೌಡರು ಮೂರನೇ ದಿನ ಬಂದು, ಮೂಗಿಗೆ ವಲ್ಲಿ ಸುತ್ತಿಕೊಂಡು, ಒಂದು ಸಾಲು ಮುಗಿಯುವವರೆಗೆ ಗಾಳಿಗೆ ನಿಂತರು.

ಅಂದಿನಿಂದ ಅದು ಎರೆಹಾಳದ ಪದ್ಧತಿ. ಈಗಲೂ ನಡೆಯುತ್ತದೆ, ಬೇಕಾದರೆ ಹೋಗಿ ನೋಡಿ. ವರ್ಷದ ಮೊದಲ ಎಣ್ಣೆ ಹೊಡೆಯುವ ದಿನ ಹೊಲದ ಯಜಮಾನ ಬಂದು ಗಾಳಿಗೆ ಎದುರಾಗಿ ನಿಲ್ಲುತ್ತಾನೆ. ಅದಕ್ಕೆ ಮಾನಪ್ಪನ ಸಾಲು ಅಂತ ಹೆಸರು. ಹೆಂಗಸರು ಕೈಮುಗಿಯುತ್ತಾರೆ, ಸಣ್ಣ ಮಕ್ಕಳು ಎರಡೂ ಕೈ ಚಾಚಿ ವಿಮಾನದ ಹಾಗೆ ಬದುವಿನ ಮೇಲೆ ಓಡುತ್ತಾರೆ, ಯಜಮಾನನ ಮನೆಯವರು ಎಲ್ಲರಿಗೂ ಬೆಲ್ಲ ಹಂಚುತ್ತಾರೆ. ಆ ಒಂದು ಸಾಲಿಗೆ ಪಂಪಿನಲ್ಲಿ ಬರೀ ನೀರು ತುಂಬಿರುತ್ತಾರೆ. ಯಜಮಾನ ಮನೆಗೆ ಹೋದ ಮೇಲೆ ಎಣ್ಣೆ ಬೆರೆಸುತ್ತಾರೆ.